ಆಟದ ಯಂತ್ರಕ್ಕೆ ಮನೆಯ ವೈಫೈ

ಅಮೆರಿಕದಿಂದಲೋ ದುಬೈನಿಂದಲೋ ಬಂದ ನೆಂಟರ ಸೂಟ್‌ಕೇಸಿನಿಂದ ಗೇಮ್ ಕನ್ಸೋಲ್ ಒಂದು ಹೊರಬಿತ್ತೆನ್ನಿ. ಮನೆಯ ಮಕ್ಕಳು ಮೊದಲು ಕೇಳುವುದೇ ವೈಫೈ ಪಾಸ್‌ವರ್ಡು. ಕೊಡೋಣ, ತಪ್ಪೇನಿಲ್ಲ. ಹೇಗೆ ಕೊಡಬೇಕು ಎನ್ನುವುದಷ್ಟೇ ಇವತ್ತಿನ ಮಾತು.

ಸ್ವಲ್ಪ ಹಿಂದೆ ಹೋಗೋಣ. 2004ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಡಿಎಸ್ ಎಂಬ ಎರಡು ಪರದೆಯ ಪುಟ್ಟ ಆಟದ ಯಂತ್ರವನ್ನು ತಂದಿತು. ಮರುವರ್ಷ ಇಂಟರ್ನೆಟ್ಟಿನಲ್ಲಿ ಆಡುವ ಸೌಲಭ್ಯವೂ ಬಂತು. ಆದರೆ ವೈಫೈ ರಕ್ಷಣೆಯಲ್ಲಿ ಆ ಯಂತ್ರಕ್ಕೆ ತಿಳಿದಿದ್ದದ್ದು ವೆಪ್ ಎನ್ನುವ ಹಳೆಯ ಪದ್ಧತಿ ಮಾತ್ರ. ವೆಪ್ ಟೊಳ್ಳು ಎಂದು ತಜ್ಞರು 2001ರಲ್ಲೇ ತೋರಿಸಿಕೊಟ್ಟಿದ್ದರು. ಮನೆಯ ರೂಟರು ಡಬ್ಲ್ಯೂಪಿಎ ಎಂಬ ಗಟ್ಟಿ ಪದ್ಧತಿಯಲ್ಲಿದ್ದರೆ ಡಿಎಸ್ ಅದಕ್ಕೆ ಸೇರುತ್ತಿರಲಿಲ್ಲ. ಮಗು ಮುಖ ಊದಿಸಿಕೊಂಡು ಕೂತರೆ ಅಪ್ಪ ಏನು ಮಾಡಿಯಾನು? ರೂಟರಿನ ಸೆಟ್ಟಿಂಗ್ ತೆರೆದು ವೆಪ್‌ಗೆ ಇಳಿಸುವುದೇ ಸುಲಭದ ದಾರಿಯಾಗಿ ಕಂಡಿತು. ಆಟಿಕೆಯ ಜೊತೆಗೆ ಕಚೇರಿಯ ಲ್ಯಾಪ್‌ಟಾಪು, ಪ್ರಿಂಟರು, ಫೋಟೋ ತುಂಬಿದ ಕಂಪ್ಯೂಟರು ಎಲ್ಲವೂ ಆ ಟೊಳ್ಳು ಮರೆಗೆ ಬಂದವು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಮೂವರು ಸಂಶೋಧಕರು 104 ಬಿಟ್ಟಿನ ವೆಪ್ ಕೀಲಿಯನ್ನು 60 ಸೆಕೆಂಡಿನೊಳಗೆ ಒಡೆಯಬಹುದೆಂದು ಸಾಬೀತು ಮಾಡಿದರು. ಡಿಎಸ್‌ನ ಆ ಆನ್‌ಲೈನ್ ಸೇವೆ 2014ರ ಮೇ ತಿಂಗಳಲ್ಲಿ ಮುಚ್ಚಿಹೋಯಿತು. ಈಗ ಹಳೆಯ ಡಿಎಸ್ ಕೈಗೆ ಬಂದರೆ ವೈಫೈ ಗೋಜಿಗೇ ಹೋಗಬೇಡಿ. ಎರಡು ಡಿಎಸ್ ಅಕ್ಕಪಕ್ಕ ಇದ್ದರೆ ರೂಟರಿನ ಹಂಗಿಲ್ಲದೆ ಜೊತೆಯಾಗಿ ಆಡಬಹುದು.

ಈಗಿನ ಸ್ವಿಚ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೆಲ್ಲ ಡಬ್ಲ್ಯೂಪಿಎ2 ಗೊತ್ತು. ಆದರೂ ಆಟಿಕೆಗಾಗಿ ಇಡೀ ಮನೆ ಬಗ್ಗುವ ಚಾಳಿ ಹೋಗಿಲ್ಲ. ಪಾಸ್‌ವರ್ಡ್ ತುಂಬಲು ಹೊರಟರೆ ಟಿವಿ ಪರದೆಯ ಮೇಲೆ ಅಕ್ಷರಗಳ ಸಾಲು. ಕೈಯಲ್ಲಿ ರಿಮೋಟಿನಂಥ ಕಂಟ್ರೋಲರ್. ಒಂದೊಂದೇ ಅಕ್ಷರಕ್ಕೆ ಜರುಗಿ ಒತ್ತಬೇಕು, ನಡುವೆ ದೊಡ್ಡಕ್ಷರ ಬಂದರೆ ಇನ್ನೊಂದು ಗುಂಡಿ, ಚಿಹ್ನೆ ಬಂದರೆ ಮತ್ತೊಂದು ಪುಟ. ಎರಡು ಸಲ ತಪ್ಪಿದ ಮೇಲೆ ತಾಳ್ಮೆಗೆಟ್ಟು ಪಾಸ್‌ವರ್ಡನ್ನೇ ಒಂದರಿಂದ ಎಂಟರವರೆಗಿನ ಅಂಕಿ ಮಾಡಿಬಿಡುವವರಿದ್ದಾರೆ. ಅದರ ಬದಲು ಒಂದಕ್ಕೊಂದು ನಂಟಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಸಾಲಾಗಿ ಬರೆದುಕೊಳ್ಳಿ. ಹುಣಸೆ, ಕೊಡೆ, ಬಸ್ಸು, ಚಕ್ಕುಲಿ ಅನ್ನುವ ಹಾಗೆ. ದಯವಿಟ್ಟು ಇದನ್ನೇ ಇಡಬೇಡಿ, ರೇಡಿಯೋದಲ್ಲಿ ಊರೆಲ್ಲ ಕೇಳಿಯಾಯಿತು! ಇಷ್ಟುದ್ದವಿದ್ದರೆ ಊಹಿಸುವುದು ಕಷ್ಟ, ಒತ್ತುವುದು ಸಲೀಸು. ಪ್ಲೇಸ್ಟೇಷನ್‌ಗೆ ಯುಎಸ್‌ಬಿ ಕೀಬೋರ್ಡ್ ಚುಚ್ಚಿಯೂ ಟೈಪ್ ಮಾಡಬಹುದು.

ಇನ್ನೂ ಒಳ್ಳೆಯ ದಾರಿ ಗೆಸ್ಟ್ ನೆಟ್‌ವರ್ಕ್. ಹೆಚ್ಚು ಪರಿಚಯವಿಲ್ಲದವರನ್ನು ಜಗಲಿಯಲ್ಲೇ ಕೂರಿಸಿ, ಕಾಫಿ ಕೊಟ್ಟು, ಮಾತಾಡಿಸಿ ಕಳಿಸುತ್ತೇವಲ್ಲ, ಹಾಗೆ. ಅದೇ ರೂಟರಿನಿಂದ ಬೇರೆ ಹೆಸರು, ಬೇರೆ ಪಾಸ್‌ವರ್ಡಿನ ಇನ್ನೊಂದು ವೈಫೈ. ಅಲ್ಲಿ ಕೂತ ಯಂತ್ರಕ್ಕೆ ಇಂಟರ್ನೆಟ್ ಸಿಗುತ್ತದೆ, ಒಳಗಿನ ಕಂಪ್ಯೂಟರುಗಳು ಕಾಣುವುದಿಲ್ಲ. ಇದನ್ನು ಹೊಂದಿಸಲು ರೂಟರನ್ನು ಮಗುಚಿ ನೋಡಿ, ಅಡಿಯ ಚೀಟಿಯಲ್ಲಿ ಸೆಟ್ಟಿಂಗಿನ ವಿಳಾಸವಿರುತ್ತದೆ, ಸಾಮಾನ್ಯವಾಗಿ 192.168.1.1 ಎಂಬಂಥದ್ದು. ಪಕ್ಕದಲ್ಲೇ ‘ಅಡ್ಮಿನ್’ ಎಂಬ ಹೆಸರು, ಎಷ್ಟೋ ಕಡೆ ಪಾಸ್‌ವರ್ಡೂ ಅದೇ. ಒಳಹೊಕ್ಕ ಕೂಡಲೇ ಅದನ್ನು ಬದಲಿಸಿಬಿಡಿ.

ಪಾಸ್‌ವರ್ಡೇ ಬೇಡ, ಗುಂಡಿ ಒತ್ತಿದರೆ ಸಾಕು ಎನ್ನುವ ಡಬ್ಲ್ಯೂಪಿಎಸ್ ಎಂಬ ಸೌಕರ್ಯವೂ ಇದೆ. ಅದರ ಜೊತೆಗೇ ಎಂಟಂಕಿಯ ಪಿನ್ ಒಂದು ಇರುತ್ತದೆ. ಎಂಟಂಕಿ ಎಂದರೆ ಕೋಟಿಗಟ್ಟಲೆ ಸಾಧ್ಯತೆ ಎಂದುಕೊಳ್ಳುತ್ತೇವೆ. ಆದರೆ ಮೊದಲ ನಾಲ್ಕು ಸರಿಯೋ ತಪ್ಪೋ ಎಂದು ರೂಟರೇ ಬೇರೆಯಾಗಿ ಹೇಳಿಬಿಡುತ್ತಿತ್ತು. ಕೊನೆಯದು ಬರೀ ತಾಳೆ ನೋಡುವ ಅಂಕಿ. ಹೀಗಾಗಿ ಹೆಚ್ಚೆಂದರೆ 11,000 ಪ್ರಯತ್ನ ಸಾಕು ಎಂಬುದು 2011ರ ಕೊನೆಗೆ ಬಯಲಾಯಿತು. ಪಿನ್ ಸೌಲಭ್ಯವನ್ನು ಬಂದ್ ಮಾಡಿಡುವುದೇ ವಾಸಿ.

ಗೆಳೆಯನ ಜೊತೆ ಆಡುವಾಗ ಧ್ವನಿ ಕೇಳದಿದ್ದರೆ, ಕನ್ಸೋಲನ್ನು ‘ಡಿಎಂಜೆಡ್’ಗೆ ಹಾಕು ಎಂದು ಬಲ್ಲವರಂತೆ ಹೇಳುವವರು ಸಿಗುತ್ತಾರೆ. ಹೊರಗಿನಿಂದ ಬರುವುದನ್ನೆಲ್ಲ ತಡೆಯಿಲ್ಲದೆ ಆ ಯಂತ್ರಕ್ಕೆ ಬಿಡುವ ಏರ್ಪಾಡು ಅದು. ಬೇಡ. ನಮ್ಮಲ್ಲಿ ಹಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಒಂದೇ ಹೊರವಿಳಾಸವನ್ನು ಹತ್ತಾರು ಮನೆಗಳು ಹಂಚಿಕೊಂಡಿರುವುದರಿಂದ ಅದರಿಂದ ಪ್ರಯೋಜನವೂ ಇಲ್ಲ.

ಇನ್ನು ಕನ್ಸೋಲಿನ ಖಾತೆ. ಬೇಗ ಮುಗಿಯಲಿ ಎಂದು ಅಪ್ಪ ಅಮ್ಮ ತಮ್ಮದೇ ಹುಟ್ಟಿದ ವರ್ಷ ತುಂಬುತ್ತಾರೆ. ಆಗ ಯಂತ್ರದ ಲೆಕ್ಕದಲ್ಲಿ ಒಂಬತ್ತು ವರ್ಷದ ಮಗಳು ನಲವತ್ತರ ಹೆಂಗಸು. ಅಪರಿಚಿತರ ಮಾತುಕತೆಗೆ, ವಯಸ್ಕರ ಆಟಗಳಿಗೆ ಇರಬೇಕಾದ ತಡೆ ಯಾವುದೂ ತಾನಾಗಿ ಬೀಳುವುದಿಲ್ಲ. ಮೊದಲು ನಿಮ್ಮ ಖಾತೆ, ಅದರಡಿ ಮಗುವಿನ ನಿಜ ವಯಸ್ಸಿನ ಖಾತೆ ತೆರೆಯಿರಿ. ಸ್ವಿಚ್‌ನಲ್ಲಾದರೆ ದಿನಕ್ಕೆಷ್ಟು ಹೊತ್ತು ಆಡಿದಳೆಂದು ನಿಮ್ಮ ಮೊಬೈಲಿನ ಆ್ಯಪಿನಲ್ಲೇ ಕಾಣುತ್ತದೆ. ಕ್ರೆಡಿಟ್ ಕಾರ್ಡನ್ನು ಕನ್ಸೋಲಿನ ಖಾತೆಯಲ್ಲಿ ಉಳಿಸಿಡಬೇಡಿ. ಹೊರದೇಶದ ವಹಿವಾಟನ್ನು ಬ್ಯಾಂಕಿನ ಆ್ಯಪಿನಲ್ಲೇ ಬಂದ್ ಮಾಡಿಡಬಹುದು, ಬೇಕಾದಾಗ ತೆರೆದರಾಯಿತು.

ಹಳೆಯದನ್ನು ಮಾರುವಾಗ ಆಟದ ಡಿಸ್ಕುಗಳನ್ನು ಎಣಿಸಿ ಕೊಡುವ ನಾವು ಯಂತ್ರದೊಳಗೆ ಮನೆಯ ವೈಫೈ ಪಾಸ್‌ವರ್ಡ್, ಮಗುವಿನ ಖಾತೆ ಉಳಿದಿರುವುದನ್ನು ಮರೆಯುತ್ತೇವೆ. ಸೆಟ್ಟಿಂಗಿನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ಮೊದಲ ದಿನದ ಸ್ವಾಗತದ ಪರದೆ ಬಂತೇ ಎಂದು ನೋಡಿಕೊಂಡು ಕೊಡಿ.