ಎಚ್‌ಐವಿ ಮತ್ತು ಏಡ್ಸ್: ವೈದ್ಯಕೀಯ ತಿಳಿವಳಿಕೆ, ಸಾಮಾಜಿಕ ಹೊಣೆ ಹಾಗೂ ಗ್ರಾಮ ಪಂಚಾಯತಿಯ ಪಾತ್ರ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



2018ರ ಕೊನೆಯ ಭಾಗದಲ್ಲಿ ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಒಂದು ಊರಿನ ಕುಡಿಯುವ ನೀರಿನ ಕೆರೆಯಲ್ಲಿ ಮಹಿಳೆಯೊಬ್ಬರ ಶವ ದೊರೆಯಿತು. ಆಕೆಗೆ ಎಚ್‌ಐವಿ ಸೋಂಕಿತ್ತೆಂಬ ಮಾತು ಊರಿನಲ್ಲಿ ಹಬ್ಬಿತು. ಜನರು ಆ ಕೆರೆಯ ನೀರನ್ನು ಮುಟ್ಟಲು ಒಪ್ಪದೆ ದೂರದ ಕಾಲುವೆಯಿಂದ ನೀರು ಹೊತ್ತು ತರತೊಡಗಿದರು. ನೀರಿನಿಂದ ಈ ಸೋಂಕು ಹರಡುವುದಿಲ್ಲವೆಂದು ಅಧಿಕಾರಿಗಳು ಹೇಳಿದರೂ ಪ್ರಯೋಜನವಾಗಲಿಲ್ಲ. ಮೂವತ್ತು ಎಕರೆಗೂ ಮಿಗಿಲಾದ ಆ ಕೆರೆಯ ನೀರನ್ನು ಕಡೆಗೆ ಹೊರಹಾಕಬೇಕಾಯಿತು.

ಶವ ದೊರೆತ ನೀರನ್ನು ಕುಡಿಯಲು ಹಿಂಜರಿಯುವುದು ಸಹಜ. ಅದಕ್ಕೆ ನೀರಿನ ಪರೀಕ್ಷೆ, ಶುದ್ಧೀಕರಣಗಳ ದಾರಿಯಿದೆ. ಆದರೆ ಅಲ್ಲಿ ಕೆರೆಯನ್ನು ಬರಿದು ಮಾಡಿಸಿದ್ದು ಎಚ್‌ಐವಿ ಎಂಬ ಹೆಸರು. ಈ ಘಟನೆಯು ಗ್ರಾಮ ಪಂಚಾಯತಿಯ ಮುಂದೆ ಎರಡು ಪ್ರಶ್ನೆಗಳನ್ನು ಇಡುತ್ತದೆ. ಒಂದು, ಈ ರೋಗ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬ ವೈದ್ಯಕೀಯ ಪ್ರಶ್ನೆ. ಇನ್ನೊಂದು, ಒಬ್ಬರ ರೋಗದ ಸಂಗತಿ ಇಡೀ ಊರಿನ ಬಾಯಿಗೆ ಬರುವುದಾದರೂ ಹೇಗೆ ಎಂಬ ಸಾಮಾಜಿಕ ಪ್ರಶ್ನೆ. ಮೊದಲನೆಯದಕ್ಕೆ ವಿಜ್ಞಾನವು ಸ್ಪಷ್ಟ ಉತ್ತರ ನೀಡಿದೆ. ಎರಡನೆಯದಕ್ಕೆ ಉತ್ತರ ನೀಡಬೇಕಾದವರು ಊರಿನ ಮುಖಂಡರು.

ರೋಗದ ಸ್ವರೂಪ

ಎಚ್‌ಐವಿ ಎಂಬುದು ಒಂದು ವೈರಾಣುವಿನ ಹೆಸರು. ಇದು ರಕ್ತದಲ್ಲಿರುವ ಸಿಡಿ4 ಎಂಬ ರಕ್ಷಣಾ ಕಣಗಳನ್ನು ನಾಶಗೊಳಿಸುತ್ತದೆ. ಚಿಕಿತ್ಸೆ ದೊರೆಯದಿದ್ದಲ್ಲಿ ಹಲವು ವರ್ಷಗಳಲ್ಲಿ ದೇಹದ ರೋಗನಿರೋಧಕ ಶಕ್ತಿ ಕುಗ್ಗಿ, ಕ್ಷಯ ಮೊದಲಾದ ರೋಗಗಳು ಆವರಿಸುತ್ತವೆ. ಆ ಮುಂದುವರಿದ ಹಂತವೇ ಏಡ್ಸ್. ಆದುದರಿಂದ ಎಚ್‌ಐವಿ ಸೋಂಕಿರುವವರೆಲ್ಲರೂ ಏಡ್ಸ್ ರೋಗಿಗಳಲ್ಲ. ಸೋಂಕು ತಗುಲಿದ ವ್ಯಕ್ತಿ ವರ್ಷಗಟ್ಟಲೆ ಆರೋಗ್ಯವಂತರಂತೆಯೇ ಕಾಣಬಹುದು. ಮುಖ ನೋಡಿ ಹೇಳಲಾಗದ ಈ ಸೋಂಕನ್ನು ಪರೀಕ್ಷೆ ಮಾತ್ರ ತಿಳಿಸಬಲ್ಲದು.

ಈ ಸೋಂಕು ಹರಡುವ ಮುಖ್ಯ ದಾರಿಗಳು ನಾಲ್ಕು: ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತವನ್ನು ಪಡೆಯುವುದು, ಒಬ್ಬರು ಬಳಸಿದ ಸೂಜಿಯನ್ನು ಮತ್ತೊಬ್ಬರು ಬಳಸುವುದು, ಹಾಗೂ ಗರ್ಭಧಾರಣೆ, ಹೆರಿಗೆ ಅಥವಾ ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ. ಒಟ್ಟಿಗೆ ಉಣ್ಣುವುದು, ಒಂದೇ ನಲ್ಲಿಯ ನೀರು, ಕೈಕುಲುಕುವುದು, ಕೆಮ್ಮು, ಸೊಳ್ಳೆಯ ಕಡಿತ, ಒಂದೇ ಶೌಚಾಲಯ, ಶಾಲೆಯ ಒಂದೇ ಬೆಂಚು, ಇವಾವುದರಿಂದಲೂ ಇದು ಹರಡುವುದಿಲ್ಲ.

ಚಿಕಿತ್ಸೆ ಬದಲಿಸಿದ ಚಿತ್ರ

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಅಂದು ಇದಕ್ಕೆ ಮದ್ದಿರಲಿಲ್ಲ. ಇಂದಿನ ಸ್ಥಿತಿ ಬೇರೆ. 2004ರ ಏಪ್ರಿಲ್ 1ರಿಂದ ಸರ್ಕಾರವು ಎಆರ್‌ಟಿ ಔಷಧಿಗಳನ್ನು ಉಚಿತವಾಗಿ ನೀಡುತ್ತಿದೆ. ಮೊದಲು ಮುಖ್ಯವಾಗಿ ಸಿಡಿ4 ಕಣಗಳು ಇಳಿದವರಿಗೆ ಔಷಧಿ ಆರಂಭಿಸಲಾಗುತ್ತಿತ್ತು. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ದೊರೆಯುತ್ತದೆ. ಈ ಔಷಧಿಯು ವೈರಾಣುವನ್ನು ದೇಹದಿಂದ ಸಂಪೂರ್ಣವಾಗಿ ತೊಲಗಿಸುವುದಿಲ್ಲ, ಆದರೆ ಹತ್ತಿಕ್ಕುತ್ತದೆ. ತಪ್ಪದೆ ಔಷಧಿ ಸೇವಿಸುವವರು ಕೃಷಿ, ಕೂಲಿ, ಸಂಸಾರಗಳನ್ನು ಇತರರಂತೆಯೇ ನಡೆಸಿಕೊಂಡು ದೀರ್ಘಕಾಲ ಬಾಳಬಲ್ಲರು. ರಕ್ತದಲ್ಲಿ ವೈರಾಣುವಿನ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದಲ್ಲಿ, ಅವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲವೆಂದು ಸಂಶೋಧನೆಗಳು ದೃಢಪಡಿಸಿವೆ.

ತಾಯಿ ಮಗುವಿನ ವಿಷಯದಲ್ಲಂತೂ ಈ ಬದಲಾವಣೆ ಇನ್ನೂ ದೊಡ್ಡದು. ಚಿಕಿತ್ಸೆಯಿಲ್ಲದಿದ್ದರೆ ಸೋಂಕಿತ ತಾಯಂದಿರ ಪ್ರತಿ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗುಲಬಹುದು. ಗರ್ಭಿಣಿಗೆ ಸಕಾಲದಲ್ಲಿ ಪರೀಕ್ಷೆ, ಔಷಧಿ ದೊರೆತು, ಮಗುವಿಗೂ ಔಷಧಿ ನೀಡಿದಲ್ಲಿ ಇದನ್ನು ನೂರಕ್ಕೆ 5ಕ್ಕಿಂತ ಕೆಳಗೆ ಇಳಿಸಲು ಸಾಧ್ಯ.

ಹೀಗಿದ್ದರೂ ಜನರು ಪರೀಕ್ಷೆಗೆ ಏಕೆ ಬರುವುದಿಲ್ಲ? ಔಷಧಿಯನ್ನು ಮಧ್ಯದಲ್ಲಿ ಏಕೆ ನಿಲ್ಲಿಸುತ್ತಾರೆ? ತಾಲ್ಲೂಕಿನ ಆಸ್ಪತ್ರೆಯಲ್ಲಿಯೇ ದೊರೆಯುವ ಮಾತ್ರೆಗಾಗಿ ಬಸ್ಸು ಹತ್ತಿ ಬೇರೆ ಜಿಲ್ಲೆಗೆ ಏಕೆ ಹೋಗುತ್ತಾರೆ? ಊರಿನವರು ಯಾರಾದರೂ ಕಂಡಾರು ಎಂಬ ಅಂಜಿಕೆಯೇ ಇದಕ್ಕೆ ಬಹುಮಟ್ಟಿನ ಕಾರಣ. ಬಸ್ಸಿನ ಖರ್ಚಿಗೆ ಹಣವಿಲ್ಲದ ತಿಂಗಳು ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದಲ್ಲಿ ವೈರಾಣು ಮತ್ತೆ ಬೆಳೆಯುತ್ತದೆ. ಊರಿನ ಕಳಂಕದ ಮಾತು ಹೀಗೆ ರೋಗಿಯ ರಕ್ತದವರೆಗೂ ತಲಪುತ್ತದೆ.

ಕಾನೂನಿನ ರಕ್ಷಣೆ

ಎಚ್‌ಐವಿ ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಅಧಿನಿಯಮ, 2017 ದೇಶದಲ್ಲಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಇದರನ್ವಯ ವ್ಯಕ್ತಿಯ ತಿಳಿವಳಿಕೆಯುಳ್ಳ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ನಡೆಸುವಂತಿಲ್ಲ. ಕಾನೂನು ಹೇಳಿದ ಸಂದರ್ಭಗಳ ಹೊರತು ಸೋಂಕಿನ ಸಂಗತಿಯನ್ನು ಬಹಿರಂಗಪಡಿಸುವಂತಿಲ್ಲ. ಉದ್ಯೋಗ, ಶಿಕ್ಷಣ, ಚಿಕಿತ್ಸೆ, ಬಾಡಿಗೆ ಮನೆ ಹಾಗೂ ಸಾರ್ವಜನಿಕ ಸೌಲಭ್ಯಗಳಲ್ಲಿ ತಾರತಮ್ಯ ಮಾಡುವಂತಿಲ್ಲ. ಸೋಂಕಿತರನ್ನು ಅವರು ವಾಸಿಸುತ್ತಿರುವ ಕುಟುಂಬದ ಮನೆಯಿಂದ ಹೊರಹಾಕುವಂತಿಲ್ಲ. ಅವರ ವಿರುದ್ಧ ಮಾತು ಅಥವಾ ಬರಹದಿಂದ ದ್ವೇಷ ಹರಡುವವರಿಗೆ ಮೂರು ತಿಂಗಳಿಂದ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಗ್ರಾಮ ಪಂಚಾಯತಿಯು ಮಾಡಬೇಕಾದದ್ದು

ಗ್ರಾಮ ಪಂಚಾಯತಿ ಸದಸ್ಯರಿಗೆ ಊರಿನ ಮನೆಮನೆಯ ಸಂಗತಿ ತಿಳಿದಿರುತ್ತದೆ. ಆ ತಿಳಿವಳಿಕೆಯೇ ಅವರ ಬಲ. ಎಚ್‌ಐವಿ ವಿಷಯದಲ್ಲಿ ಅದೇ ತಿಳಿವಳಿಕೆ ಒಂದು ಕುಟುಂಬವನ್ನು ಉಳಿಸಬಹುದು, ಕೆಡಿಸಲೂಬಹುದು. ಆದುದರಿಂದ ಈ ಕೆಳಗಿನ ಸಂಗತಿಗಳಿಗೆ ವಿಶೇಷ ಗಮನ ಅಗತ್ಯ.

ಮೊದಲನೆಯದು, ಫಲಾನುಭವಿಗಳ ಪಟ್ಟಿ. ಸೋಂಕಿತ ಕುಟುಂಬಕ್ಕೆ ಸಹಾಯ ಮಾಡಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಗ್ರಾಮಸಭೆಯಲ್ಲಿ ಕಾರಣ ಸಹಿತ ಹೆಸರು ಓದುವ ಸಂಭವವಿದೆ. ಹಾಗೆ ಓದಿದ ದಿನ ಆ ಕುಟುಂಬಕ್ಕೆ ಮನೆ ಮಂಜೂರಾಗಬಹುದು, ಆದರೆ ಊರಿನಲ್ಲಿ ನೆಲೆ ತಪ್ಪಬಹುದು. ವಿಧವೆ, ಒಂಟಿ ಮಹಿಳೆ, ವಸತಿರಹಿತರು ಮುಂತಾದ ಸಾಮಾನ್ಯ ವರ್ಗಗಳಲ್ಲಿ ಅರ್ಹತೆಯಿದ್ದಲ್ಲಿ ಅದರಡಿಯಲ್ಲಿಯೇ ಆಯ್ಕೆ ಮಾಡುವುದು ಸೂಕ್ತ. ರೋಗದ ಹೆಸರು ನಡಾವಳಿ ಪುಸ್ತಕದಲ್ಲಾಗಲಿ, ಸೂಚನಾ ಫಲಕದಲ್ಲಾಗಲಿ ಕಾಣಿಸಿಕೊಳ್ಳಬಾರದು.

ಎರಡನೆಯದು, ಅನಾಥ ಮಕ್ಕಳ ಆಸ್ತಿ. ತಂದೆತಾಯಿ ತೀರಿಕೊಂಡ ಮನೆಯ ಖಾತೆಯನ್ನು ಬಂಧುಗಳು ತಮ್ಮ ಹೆಸರಿಗೆ ಬದಲಾಯಿಸಿಕೊಡುವಂತೆ ಅರ್ಜಿ ಸಲ್ಲಿಸಿದಾಗ, ಮಕ್ಕಳ ಹಕ್ಕನ್ನು ಪರಿಶೀಲಿಸದೆ ಮುಂದುವರಿಯಬಾರದು. 2017ರ ಕಾನೂನಿನಲ್ಲಿ ಇಂಥ ಮಕ್ಕಳ ಆಸ್ತಿಪತ್ರಗಳನ್ನು ಕಾಪಾಡಲು ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಇರಿಸಲು ಅವಕಾಶವಿದೆ. ಆಸ್ತಿ ಕಸಿದುಕೊಂಡ ಬಗೆಗೆ ಅಲ್ಲಿಯೇ ದೂರು ನೀಡಬಹುದು.

ಮೂರನೆಯದು, ಶಾಲೆ ಮತ್ತು ಅಂಗನವಾಡಿ. ಸೋಂಕಿತ ಮಗುವನ್ನು ಬೇರೆ ಕೂರಿಸಬೇಕೆಂದೋ, ಸೋಂಕಿತ ಮಹಿಳೆಯನ್ನು ಬಿಸಿಯೂಟದ ಕೆಲಸದಿಂದ ತೆಗೆಯಬೇಕೆಂದೋ ಪೋಷಕರು ಒತ್ತಾಯಿಸಿದಲ್ಲಿ, ಪಂಚಾಯತಿಯು ಆ ಒತ್ತಾಯಕ್ಕೆ ಮಣಿಯದೆ ವೈದ್ಯಾಧಿಕಾರಿಗಳನ್ನು ಕರೆಸಿ ಸೋಂಕಿನ ಬಗೆಗೆ ಸಾಮಾನ್ಯ ತಿಳಿವಳಿಕೆ ನೀಡಿಸಬೇಕು. ಆ ಸಭೆಯಲ್ಲಿ ಯಾರ ಹೆಸರೂ ಚರ್ಚೆಗೆ ಬರಬಾರದು. ಸದಸ್ಯರು ಎಲ್ಲ ಮಕ್ಕಳೊಂದಿಗೆ ಪಂಕ್ತಿಯಲ್ಲಿ ಕುಳಿತು ಉಂಡಲ್ಲಿ ಅದು ಭಾಷಣಕ್ಕಿಂತ ಹೆಚ್ಚು ಫಲ ನೀಡುತ್ತದೆ.

ನಾಲ್ಕನೆಯದು, ಸ್ವಚ್ಛತಾ ಸಿಬ್ಬಂದಿ. ಕಸದಲ್ಲಿ ಎಸೆದ ಸೂಜಿ ಚುಚ್ಚಿದಲ್ಲಿ ಗಾಯವನ್ನು ಸಾಬೂನು ನೀರಿನಿಂದ ತೊಳೆದು ತಕ್ಷಣವೇ ಸರ್ಕಾರಿ ಆಸ್ಪತ್ರೆಗೆ ಕಳುಹಿಸಬೇಕು. ವೈದ್ಯರು ಅಗತ್ಯವೆಂದು ಕಂಡಲ್ಲಿ 28 ದಿನಗಳ ಮುಂಜಾಗ್ರತಾ ಔಷಧಿ ನೀಡುತ್ತಾರೆ. ಇದು 72 ಗಂಟೆಗಳೊಳಗೆ ಆರಂಭವಾಗಬೇಕು. ಬೇಗನೆ ಆರಂಭವಾದಷ್ಟೂ ಒಳಿತು. ಕೈಗವಸು, ಬೂಟುಗಳನ್ನು ಒದಗಿಸುವುದು ಪಂಚಾಯತಿಯ ಹೊಣೆ.

ಐದನೆಯದು, ಪರೀಕ್ಷೆಗೆ ಪ್ರೋತ್ಸಾಹ. ಪ್ರತಿ ಗರ್ಭಿಣಿಗೂ ಪರೀಕ್ಷೆ ಹಾಗೂ ಆಪ್ತಸಮಾಲೋಚನೆ ದೊರೆಯುವಂತೆ ಆಶಾ ಕಾರ್ಯಕರ್ತೆಯರೊಂದಿಗೆ ಸಹಕರಿಸಬೇಕು. ಆದರೆ ಮದುವೆಗೆ ಮುನ್ನ, ಅಥವಾ ದುಡಿಯಲು ಹೋಗಿ ಮರಳಿದವರಿಗೆ, ಪರೀಕ್ಷೆ ಕಡ್ಡಾಯವೆಂದು ನಿರ್ಣಯ ಮಾಡುವಂತಿಲ್ಲ. ಮಾಹಿತಿ ಬಯಸುವವರು ಹೆಸರು ಹೇಳದೆಯೇ 1097 ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ಈ ಸಂಖ್ಯೆಯನ್ನು ಪಂಚಾಯತಿ ಕಚೇರಿ, ಹಾಲಿನ ಡೇರಿ, ಬಸ್ ನಿಲ್ದಾಣಗಳ ಗೋಡೆಯ ಮೇಲೆ ಬರೆಸುವುದಕ್ಕೆ ಹೆಚ್ಚಿನ ವೆಚ್ಚವಾಗುವುದಿಲ್ಲ.

ಪ್ರತಿ ವರ್ಷ ಡಿಸೆಂಬರ್ 1ರಂದು ವಿಶ್ವ ಏಡ್ಸ್ ದಿನದ ಜಾಥಾ ನಡೆಯುತ್ತದೆ. ಜಾಥಾ ಮುಗಿದ ಮೇಲೆ ಉಳಿದ ದಿನಗಳಲ್ಲಿ ಕಟ್ಟೆಯ ಮೇಲಿನ ಮಾತು ಹೇಗಿರುತ್ತದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಕಟ್ಟೆಯಲ್ಲಿ ಯಾರಾದರೂ ಒಂದು ಮನೆಯ ಕಡೆ ಬೆರಳು ತೋರಿ ಪಿಸುಗುಟ್ಟಿದಾಗ, “ಆ ಮಾತು ಇಲ್ಲಿಗೇ ಸಾಕು” ಎಂದು ನಿಲ್ಲಿಸುವ ಒಬ್ಬ ಸದಸ್ಯರಿದ್ದರೆ, ಆ ಮನೆಯವರು ಮರುದಿನ ಧೈರ್ಯದಿಂದ ತಾಲ್ಲೂಕಿನ ಆಸ್ಪತ್ರೆಗೇ ಹೋಗಿ ಮಾತ್ರೆ ತರುತ್ತಾರೆ. ಅಂಥ ಊರಿನಲ್ಲಿ ಕೆರೆಯನ್ನು ಬರಿದು ಮಾಡುವ ಪ್ರಸಂಗವೂ ಬಾರದು.