ಬೆಳೆಗಳ ರೋಗನಿರೋಧಕ ವಂಶವಾಹಿಗಳು ಮತ್ತು ನಮ್ಮ ಜೀವವೈವಿಧ್ಯ ದಾಖಲಾತಿ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಜೀವವೈವಿಧ್ಯ ಕಾಯ್ದೆ, 2002ರ 41ನೇ ಕಲಮಿನನ್ವಯ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಆ ಸಮಿತಿಯ ಮುಖ್ಯ ಕರ್ತವ್ಯ. ದಾಖಲಾತಿಯಲ್ಲಿ ಸ್ಥಳೀಯ ತಳಿಗಳ ಪುಟ ಬಂದಾಗ ‘ಜೋಳ, ಕಡಲೆ, ಗೋಧಿ’ ಎಂದು ಬರೆದು ಮುಗಿಸಿಬಿಡುವುದುಂಟು. ಯಾವ ಜೋಳ, ಯಾರ ಮನೆಯ ಕಡಲೆ ಎಂಬುದು ಅಲ್ಲಿ ಕಾಣುವುದಿಲ್ಲ. ಆ ಒಂದು ಪುಟದ ಬೆಲೆ ಎಷ್ಟೆಂಬುದನ್ನು ನಮ್ಮ ಭಾಗದ ಮೂರು ಬೆಳೆಗಳ ಮೂಲಕ ತಮ್ಮ ಮುಂದಿಡಲು ಬಯಸುತ್ತೇನೆ.

ಮೊದಲನೆಯದು ಶೇಂಗಾ. ತುಕ್ಕು ರೋಗ ಮತ್ತು ಎಲೆಚುಕ್ಕೆ ರೋಗ ಬಂದ ಹೊಲವನ್ನು ತಾವೆಲ್ಲರೂ ಕಂಡವರೇ. ಕಾಯಿ ಬಲಿಯುವ ಹೊತ್ತಿಗೆ ಎಲೆ ಉದುರಿ ಕಡ್ಡಿ ಮಾತ್ರ ನಿಲ್ಲುತ್ತದೆ. ಕಾಯಿಯ ಜೊತೆಗೆ ದನಕರುಗಳ ಮೇವೂ ಹೋಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಜಿಪಿಬಿಡಿ-4 ಎಂಬ ತಳಿಯು ಈ ಎರಡೂ ರೋಗಗಳನ್ನು ತಡೆದುಕೊಳ್ಳುತ್ತದೆ. ಈ ಶಕ್ತಿ ಅದಕ್ಕೆ ಬಂದದ್ದು ಹೊಲದ ಶೇಂಗಾದಿಂದಲ್ಲ; ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಅರಾಕಿಸ್ ಕಾರ್ಡೆನಾಸಿ ಎಂಬ ಕಾಡುಶೇಂಗಾದಿಂದ. ಹೊಲದ ಶೇಂಗಾಕ್ಕೆ 40 ವರ್ಣತಂತುಗಳು, ಕಾಡಿನದಕ್ಕೆ 20. ಇವೆರಡನ್ನು ಕೂಡಿಸಿದರೆ ಹುಟ್ಟುವ ಸಸಿ ಬಂಜೆ. ಅದರ ವರ್ಣತಂತುಗಳನ್ನು ಇಮ್ಮಡಿಗೊಳಿಸಿ, ಅನೇಕ ತಲೆಮಾರು ಆಯ್ಕೆ ಮಾಡಿದ ಮೇಲೆಯೇ ಆ ವಂಶವಾಹಿಗಳು ಬಿತ್ತುವ ಬೀಜಕ್ಕೆ ಇಳಿದವು. ಅಂಥ ಒಂದು ಸಾಲನ್ನು ಕೆಆರ್‌ಜಿ-1ರೊಡನೆ ಸಂಕರಗೊಳಿಸಿ ಜಿಪಿಬಿಡಿ-4ನ್ನು ಪಡೆಯಲಾಯಿತು. ಆ ಕಾಡುಶೇಂಗಾದ ಅಂಶ ಇಂದು ಸುಮಾರು 30 ದೇಶಗಳ ಶೇಂಗಾ ತಳಿಗಳಲ್ಲಿದೆ. ಬೊಲಿವಿಯಾದಲ್ಲಿ ಯಾರೋ ಅದನ್ನು ಕಳೆಯೆಂದು ಕಿತ್ತು ಬಿಸಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ವಂಶವಾಹಿ ಎಂದರೆ ಬೀಜದೊಳಗಿನ ಒಂದು ಆದೇಶವೆಂದು ತಿಳಿಯಬಹುದು. ತುಕ್ಕುರೋಗದ ಶಿಲೀಂಧ್ರವು ಜೀವಂತ ಎಲೆಯನ್ನು ಮಾತ್ರ ಉಣ್ಣಬಲ್ಲದು. ಅನೇಕ ನಿರೋಧಕ ವಂಶವಾಹಿಗಳು ಆ ಶಿಲೀಂಧ್ರವನ್ನು ಗುರುತಿಸುವ ಪ್ರೋಟೀನನ್ನು ಸಿದ್ಧಪಡಿಸುತ್ತವೆ. ಗುರುತು ಸಿಕ್ಕೊಡನೆ ಅದು ತಗುಲಿದ ಜಾಗದ ಕೋಶಗಳು ತಾವಾಗಿಯೇ ಸತ್ತು ಅದನ್ನು ಉಪವಾಸ ಕೆಡವುತ್ತವೆ. ಆದರೆ ಶಿಲೀಂಧ್ರವೂ ತನ್ನ ಗುರುತನ್ನು ಬದಲಿಸಿಕೊಳ್ಳಬಲ್ಲದು. ಹಾಗಾದ ದಿನ ಆ ವಂಶವಾಹಿ ಇದ್ದೂ ಇಲ್ಲದಂತೆ.

ಕೀಟಗಳ ವಿಷಯದಲ್ಲಿಯೂ ಇದೇ ಆಯಿತು. ಅದನ್ನು ಹತ್ತಿಯಲ್ಲಿ ಕಂಡೆವು. ಬಿಟಿ ಹತ್ತಿಗೆ ಭಾರತದಲ್ಲಿ ಅನುಮತಿ ದೊರೆತದ್ದು ಮಾರ್ಚ್ 2002ರಲ್ಲಿ. ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿಯನ್ನು ಗಿಡಕ್ಕೆ ಸೇರಿಸಿದ್ದರಿಂದ ಕಾಯಿಕೊರಕ ಹುಳು ಗಿಡವನ್ನು ತಿಂದು ಸಾಯುತ್ತಿತ್ತು. 2006ರಲ್ಲಿ ಎರಡು ವಂಶವಾಹಿಗಳುಳ್ಳ ಬೀಜ ಬಂದಿತು. 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಬಿಟಿಯಲ್ಲದ ಬೀಜದ ಪೊಟ್ಟಣವನ್ನು ಕೊಡುತ್ತಿದ್ದರು. ಹೊಲದ ಅಂಚಿನಲ್ಲಿ ಕನಿಷ್ಠ ಐದು ಸಾಲು ಅದನ್ನು ಬಿತ್ತಿದರೆ, ವಿಷಕ್ಕೆ ಒಗ್ಗದ ಹುಳುಗಳು ಅಲ್ಲಿ ಬದುಕಿ, ಒಗ್ಗಿಕೊಂಡ ಹುಳುಗಳೊಡನೆ ಕೂಡುತ್ತವೆ. ಇದರಿಂದ ಒಗ್ಗಿದ ಸಂತತಿಯೇ ಎಲ್ಲೆಡೆ ತುಂಬಿಕೊಳ್ಳುವುದು ತಡವಾಗುತ್ತದೆ. ಆ ಪೊಟ್ಟಣ ಬಹುಪಾಲು ಹೊಲಗಳಲ್ಲಿ ಬಿತ್ತನೆಯಾಗಲಿಲ್ಲ. ರೈತನನ್ನೇ ದೂರಿ ಫಲವಿಲ್ಲ. ಹುಳುವಿಗಾಗಿ ಐದು ಸಾಲು ಏಕೆ ಬಿಡಬೇಕೆಂದು ಅವನ ಭಾಷೆಯಲ್ಲಿ ತಿಳಿಸಿ ಹೇಳಿದವರು ವಿರಳ. ಮೊದಲು ಗುಜರಾತಿನಲ್ಲಿ, ಬಳಿಕ ಇತರ ಹತ್ತಿ ಪ್ರದೇಶಗಳಲ್ಲಿಯೂ ಗುಲಾಬಿ ಕಾಯಿಕೊರಕವು ಆ ವಿಷವನ್ನು ಅರಗಿಸಿಕೊಂಡಿತು. ರಸ ಹೀರುವ ಕೀಟಗಳಿಗಂತೂ ಬಿಟಿ ಮೊದಲಿನಿಂದಲೂ ಅಡ್ಡಿಯಾಗಿರಲಿಲ್ಲ. ನಮ್ಮ ಹಿರಿಯರು ಬೆಳೆಯುತ್ತಿದ್ದ ಜಯಧರದಂಥ ದೇಶಿ ಹತ್ತಿಯು ಆ ಕೀಟಗಳನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತಿತ್ತು. ಉತ್ತರ ಭಾರತದ ಹತ್ತಿಯನ್ನು ಹಾಳುಮಾಡಿದ ಎಲೆಮುರುಟು ವೈರಸ್ ಸಹ ದೇಶಿ ಹತ್ತಿಗೆ ತಗಲುವುದಿಲ್ಲ.

ಮೂರನೆಯದು ಹುಗ್ಗಿಯ ಗೋಧಿ. ಕೆಲವು ಊರುಗಳಲ್ಲಿ ಸದಕ, ಕೆಲವೆಡೆ ಕಪ್ಲಿ ಎನ್ನುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಈ ಗೋಧಿ ‘ಕಪ್ಲಿ’ ಎಂಬ ಹೆಸರಿನಲ್ಲಿಯೇ ಭಾರತದಿಂದ ಅಮೆರಿಕಕ್ಕೆ ಹೋಯಿತು. ಕಾಂಡದ ತುಕ್ಕಿನ ಬಗೆಗಳನ್ನು ಪ್ರತ್ಯೇಕಿಸಲು ವಿಜ್ಞಾನಿ ಸ್ಟಾಕ್‌ಮನ್ ಬಳಸಿದ 12 ಗೋಧಿಗಳಲ್ಲಿ ಇದೂ ಒಂದು. ಎಸ್‌ಆರ್-13, ಎಸ್‌ಆರ್-14 ಎಂಬ ನಿರೋಧಕ ವಂಶವಾಹಿಗಳನ್ನು ಇದರಲ್ಲಿ ಗುರುತಿಸಲಾಯಿತು. 1999ರ ಸುಮಾರಿಗೆ ಉಗಾಂಡದಲ್ಲಿ ಕಾಣಿಸಿಕೊಂಡು ಜಗತ್ತನ್ನೇ ಹೆದರಿಸಿದ ಯುಜಿ-99 ತುಕ್ಕಿನ ಮುಂದೆ ಗೋಧಿಯ ಅನೇಕ ವಂಶವಾಹಿಗಳು ಸೋತವು. ನಿಂತವುಗಳಲ್ಲಿ ಎಸ್‌ಆರ್-13 ಒಂದು. ನಾವು ಹಬ್ಬದ ಹುಗ್ಗಿಗೆಂದು ಇಟ್ಟುಕೊಂಡ ಧಾನ್ಯದೊಳಗೆ ಇಷ್ಟಿದೆ ಎಂಬುದು ನಮಗೇ ತಿಳಿದಿರಲಿಲ್ಲ. ಧಾರವಾಡದಲ್ಲಿಯೇ ಡಿಡಿಕೆ-1025, ಡಿಡಿಕೆ-1029 ಎಂಬ ಗಿಡ್ಡ ತಳಿಗಳು ಇದೇ ಗೋಧಿಯಲ್ಲಿ ಸಿದ್ಧಗೊಂಡಿವೆ. ಅವು ಒಳ್ಳೆಯವು. ಆದರೆ ಒಳ್ಳೆಯ ತಳಿ ಊರಿಗೆ ಬಂದಾಗಲೇ ಹಳೆಯ ಬೀಜ ಮನೆಯಿಂದ ಹೊರಬೀಳುವುದು, ಇದನ್ನು ನಮ್ಮಂಥವರು ಮರೆಮಾಚಬಾರದು.

ಆದುದರಿಂದ ದಾಖಲಾತಿಯಲ್ಲಿ ಬೆಳೆಯ ಹೆಸರಿಗಿಂತ ಮುಂದೆ ಹೋಗಬೇಕು. ತಳಿಯ ಊರಹೆಸರು, ಬೀಜ ಕಾಯ್ದಿಟ್ಟ ಮನೆ, ಎಷ್ಟು ವರ್ಷಗಳಿಂದ ಇದೆ, ಯಾವ ವರ್ಷ ಯಾವ ರೋಗ ಬಂದು ಸುತ್ತಲಿನ ಬೆಳೆ ಹೋದಾಗ ಅದು ಉಳಿಯಿತು, ಇವಿಷ್ಟು ಬರೆಯಬೇಕು. ಕೊನೆಯ ಮಾಹಿತಿ ಸಾಮಾನ್ಯವಾಗಿ ಬೀಜ ಆರಿಸುವ ಹಿರಿಯ ಹೆಣ್ಣುಮಕ್ಕಳಲ್ಲಿ ಇರುತ್ತದೆ. ಚಾವಡಿಯಲ್ಲಿ ಕುಳಿತು ಕೇಳಿದರೆ ಸಿಗುವುದಿಲ್ಲ.

ಇದರಿಂದ ಆ ಮನೆಗೇನು ಲಾಭವೆಂದು ತಮ್ಮನ್ನು ಕೇಳಬಹುದು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೇ ಕಲಮಿನ ಪ್ರಕಾರ, ನಾಡತಳಿಯನ್ನು ಉಳಿಸಿದ ರೈತರ ಬೀಜದಿಂದ ವಂಶವಾಹಿಯನ್ನು ಪಡೆದು ನೋಂದಣಿಗೆ ಅರ್ಹವಾದ ತಳಿಯನ್ನು ರೂಪಿಸಿದರೆ, ಅವರು ಜೀನ್ ನಿಧಿಯಿಂದ ಮನ್ನಣೆ ಮತ್ತು ಪುರಸ್ಕಾರಕ್ಕೆ ಅರ್ಹರು. ರೈತರ ತಳಿಯ ನೋಂದಣಿಗೆ ಶುಲ್ಕವಿಲ್ಲ. ಆದರೆ ಬೀಜ ಇಂಥ ಊರಿನ ಇಂಥ ಮನೆಯದೆಂದು ತೋರಿಸಲು ಬರಹದ ಆಧಾರ ಬೇಕು. ತಮ್ಮ ಪಂಚಾಯತಿಯ ದಾಖಲಾತಿ ಅಂಥ ಆಧಾರವಾಗಬಲ್ಲದು.

ಹಿಂಗಾರು ಬಿತ್ತನೆಗೆ ಮುನ್ನ, ಬೀಜ ಇನ್ನೂ ಗಡಿಗೆಯಲ್ಲಿರುವಾಗಲೇ, ಸಮಿತಿಯ ಸದಸ್ಯರು ಆ ಮನೆಗಳಿಗೆ ಹೋಗಿ ಬರಬೇಕೆಂದು ವಿನಂತಿಸುತ್ತೇನೆ.