61ರ ಉತ್ತರ: 1,76,63,19,049

ಇಂದಿನ ವಿಷಯ 1,76,63,19,049 ಎಂಬ ಒಂದೇ ಸಂಖ್ಯೆ. ಇದರ ವರ್ಗದಲ್ಲಿ ಒಂದನ್ನು ಕಳೆದು 61ರಿಂದ ಭಾಗಿಸಿ; ಬರುವುದೂ ಪೂರ್ಣವರ್ಗವೇ, 22,61,53,980ರ ವರ್ಗ. ಒಂದೆಂಬ ಸಂಖ್ಯೆಯನ್ನು ಬಿಟ್ಟರೆ ಈ ಗುಣವುಳ್ಳ ಅತಿ ಚಿಕ್ಕ ಪೂರ್ಣಾಂಕ ಇದೇ. 61ರ ಜಾಗದಲ್ಲಿ 60 ಇದ್ದರೆ 31 ಸಾಕಾಗುತ್ತಿತ್ತು, 62 ಇದ್ದರೆ 63. ನೂರರೊಳಗಿನ ಬೇರಾವ ಸಂಖ್ಯೆಯೂ ಇಷ್ಟು ದೊಡ್ಡ ಉತ್ತರವನ್ನು ಬೇಡುವುದಿಲ್ಲ. ಭಾಸ್ಕರಾಚಾರ್ಯ 12ನೇ ಶತಮಾನದಲ್ಲಿ ತನ್ನ ‘ಬೀಜಗಣಿತ’ ಗ್ರಂಥದಲ್ಲಿ ಎತ್ತಿಕೊಂಡದ್ದು ಇದೇ 61ನ್ನು. ಅದರ ಪರಿಚಯವೇ ಇಲ್ಲದ ಫರ್ಮಾ 1657ರಲ್ಲಿ ಫ್ರಾನ್ಸಿನ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟದ್ದರಲ್ಲೂ 61 ಇತ್ತು. ಇಬ್ಬರೂ ಕಷ್ಟದ ಲೆಕ್ಕವನ್ನೇ ಬಯಸಿದ್ದರು ಎಂಬುದು ಸ್ಪಷ್ಟ. ಆದರೆ ಈ ಸಂಖ್ಯೆಯ ಹಿರಿಮೆ ಅದರ ಗಾತ್ರದಲ್ಲಿಲ್ಲ, ಅದು ಹುಟ್ಟಿಬಂದ ಕ್ರಮದಲ್ಲಿದೆ ಎಂಬುದು ನನ್ನ ವಾದ.

ಆ ಕ್ರಮವನ್ನು ಕಾಗದದ ಮೇಲೆಯೇ ನೋಡಬಹುದು. 8ರ ವರ್ಗ 64; 61ಕ್ಕಿಂತ, ಅಂದರೆ 1ರ ವರ್ಗದ 61 ಪಟ್ಟಿಗಿಂತ, ಮೂರು ಹೆಚ್ಚು. ಒಂದು ಜೋಡಿಯಿಂದ ಮುಂದಿನದನ್ನು ಕಟ್ಟುವ, ಭಾಸ್ಕರ ಬಳಸಿದ ಚಕ್ರವಾಳ ವಿಧಾನದ ಒಂದೇ ಸುತ್ತಿನಲ್ಲಿ 8 ಮತ್ತು 1 ಎಂಬ ಜೋಡಿ 39 ಮತ್ತು 5 ಆಗುತ್ತದೆ. 39ರ ವರ್ಗ 1521, 5ರ ವರ್ಗದ 61 ಪಟ್ಟು 1525, ಅಂತರ ನಾಲ್ಕು. ಅಂತರ ನಾಲ್ಕಕ್ಕೆ ಇಳಿದರೆ ಮುಂದೇನು ಮಾಡಬೇಕೆಂದು ಬ್ರಹ್ಮಗುಪ್ತ 628ರಲ್ಲೇ ಹೇಳಿದ್ದ. ಎರಡು ಜೋಡಿಗಳಿಂದ ಅದೇ ಜಾತಿಯ ಮೂರನೆಯದನ್ನು ಪಡೆಯುವ ಅವನ ಭಾವನಾ ನಿಯಮ ಹಿಡಿದು ನಡೆದರೆ ಮೊದಲು 1523 ಮತ್ತು 195, ಆಮೇಲೆ 29,718 ಮತ್ತು 3,805 ಸಿಗುತ್ತವೆ. ಈ ಕೊನೆಯ ಜೋಡಿಯಲ್ಲಿ ಗುಟ್ಟಿದೆ: 29,718ರ ವರ್ಗ 88,31,59,524, 3,805ರ ವರ್ಗದ 61 ಪಟ್ಟು 88,31,59,525. ಇವೆರಡರ ಮೊತ್ತವೇ ನಮ್ಮ ಸಂಖ್ಯೆ. ಹಾಗಾಗಿ ಅದರ ಹಿಂದಿನ ಸಂಖ್ಯೆ ಒಂದು ವರ್ಗದ ಇಮ್ಮಡಿ, ಮುಂದಿನದು ಇನ್ನೊಂದು ವರ್ಗದ 122 ಪಟ್ಟು. ಆ ನೆರೆಯ ಎರಡನ್ನೂ ಗುಣಿಸಿದರೆ 61 ಒಂದೆಡೆ ಉಳಿದು ಮಿಕ್ಕದ್ದೆಲ್ಲ ವರ್ಗವಾಗುತ್ತದೆ. ಆರಂಭದಲ್ಲಿ ಪವಾಡದಂತೆ ತೋರಿದ ಗುಣ ಇಲ್ಲಿ ಅನಿವಾರ್ಯವೆನಿಸುತ್ತದೆ. ಗಣಿತದಲ್ಲಿ ಇದಕ್ಕಿಂತ ದೊಡ್ಡ ಸಂತೋಷ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಏಕೆ, ಒಂದರಿಂದ 22 ಕೋಟಿಯವರೆಗೆ ಎಲ್ಲವನ್ನೂ ಕಂಪ್ಯೂಟರ್ ಕ್ಷಣಮಾತ್ರದಲ್ಲಿ ಪರೀಕ್ಷಿಸಬಲ್ಲದಲ್ಲ ಎನ್ನಬಹುದು. ಪರೀಕ್ಷಿಸಬಲ್ಲದು, ನಿಜ. ಆದರೆ ಫರ್ಮಾ ಕೇಳಿದ ಇನ್ನೊಂದು ಸಂಖ್ಯೆಯಾದ 109ಕ್ಕೆ ಆ ಹುಡುಕಾಟ 15 ಲಕ್ಷ ಕೋಟಿಯನ್ನೂ ದಾಟಬೇಕು; ಕಟ್ಟುವ ದಾರಿಯಲ್ಲಿ ಹೋದವರಿಗೆ 88,90,182 ಮತ್ತು 8,51,525 ಎಂಬ ಜೋಡಿಯೇ ಸಾಕು, ಉಳಿದದ್ದು ಒಂದು ಗುಣಾಕಾರ. ಅಲ್ಲದೆ ಹುಡುಕಾಟ ಉತ್ತರವನ್ನು ತಂದುಕೊಡುತ್ತದೆಯೇ ಹೊರತು ಅದರ ಅಕ್ಕಪಕ್ಕದಲ್ಲಿ ವರ್ಗಗಳು ಏಕೆ ನಿಂತಿವೆ ಎಂಬುದನ್ನು ತಿಳಿಸುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಚಕ್ರವಾಳ ಪ್ರತಿಸಲವೂ ಗುರಿ ಮುಟ್ಟುತ್ತದೆಂಬ ಸಾಧನೆ ಭಾಸ್ಕರನಲ್ಲಿ ಇಲ್ಲ. ಈ ಮಾತನ್ನು ಒಪ್ಪಲೇಬೇಕು. ವರ್ಗಸಂಖ್ಯೆಯಲ್ಲದ ಎಲ್ಲದಕ್ಕೂ ಇಂಥ ಉತ್ತರ ಇದ್ದೇ ಇದೆಯೆಂದು ಸಾಧಿಸಿದ ಕೀರ್ತಿ 18ನೇ ಶತಮಾನದ ಲಗ್ರಾಂಜನದು. ಆದರೆ 61ರ ಮಟ್ಟಿಗೆ ಆ ಕೊರತೆ ಬಾಧಿಸದು. ಇಲ್ಲಿ ಪ್ರತಿಯೊಂದು ಹೆಜ್ಜೆಯೂ ತನ್ನನ್ನು ತಾನೇ ತಾಳೆ ನೋಡಿಕೊಳ್ಳುತ್ತದೆ. 1521ಕ್ಕೂ 1525ಕ್ಕೂ ನಾಲ್ಕೇ ಅಂತರವೆಂಬುದಕ್ಕೆ ಯಾವ ಸಾಮಾನ್ಯ ಪ್ರಮೇಯದ ಬೆಂಬಲವೂ ಬೇಕಿಲ್ಲ.